ಬಚ್ಚಲ ನೀರಿಗೆ ಛತ್ರಿ ಜೇಕು

ಜೇಕು ಅಂದರೆ ಕುಂದಗೋಳದ ರೈತರಿಗೆ ಮೈ ಉರಿಯುತ್ತದೆ. ಎರೆ ಹೊಲದಲ್ಲಿ ಹರಗಿದಷ್ಟೂ ಗಡ್ಡೆ ಹರಿದು, ತುಂಡು ತುಂಡಾಗಿ ಮತ್ತೆ ಚಿಗುರುವ ಕಳೆ ಅದು. ಅದೇ ಕುಲದ ಇನ್ನೊಂದು ಗಿಡವನ್ನು ಹಿತ್ತಲಲ್ಲಿ ಬೆಳೆಸಿ ಎಂದರೆ ಅನುಮಾನ ಸಹಜ. ಆದರೆ ನರ್ಸರಿಗಳಲ್ಲಿ ‘ಅಂಬ್ರೆಲಾ ಪಾಮ್’ ಎಂದು ಮಾರುವ ಛತ್ರಿ ಜೇಕು ಹಾಗೆ ಗಡ್ಡೆ ಕಟ್ಟಿ ಹೊಲ ತುಂಬುವುದಿಲ್ಲ. ಆಫ್ರಿಕಾ, ಮಡಗಾಸ್ಕರ್ ಕಡೆಯ ಈ ಗಿಡ ಬುಡದಲ್ಲೇ ಪೊದೆಗಟ್ಟಿ 3ರಿಂದ 5 ಅಡಿ ಬೆಳೆಯುತ್ತದೆ. ನೀರಿದ್ದರೆ ವರ್ಷವಿಡೀ ಹಸಿರು.

ಜೇಕಿನ ಕುಟುಂಬದವೇ ಆದ, ಹಳದಿ ಪಟ್ಟೆಯ ಕ್ಯಾರೆಕ್ಸ್ ಜಾತಿಗಳೂ ಚೆಂದ ಕಾಣುತ್ತವೆ, ನಿಜ. ಅವು ಜಪಾನಿನಂಥ ತಂಪು ನಾಡಿನವು. ನಮ್ಮ ಏಪ್ರಿಲ್ ಬಿಸಿಲಿಗೆ ಅವನ್ನು ಒಡ್ಡಿ ದುಡ್ಡು ಕಳೆದುಕೊಳ್ಳಬೇಡಿ.

ಛತ್ರಿ ಜೇಕಿಗೆ ಬುಡ ಸದಾ ಹಸಿಯಾಗಿರಬೇಕು. ಬಚ್ಚಲ ನೀರು ಹರಿಯುವ ಜಾಗವೇ ಇದಕ್ಕೆ ಸರಿ. ಅಲ್ಲಿ ಗುಂಡಿ ತೋಡಿ, ಎರೆ ಮಣ್ಣಿಗೆ ಒಂದಿಷ್ಟು ತಿಪ್ಪೆ ಗೊಬ್ಬರ ಬೆರೆಸಿ ನೆಟ್ಟು, ಸೊಳ್ಳೆಯಾಗದಂತೆ ಮೇಲೆ ಜಲ್ಲಿಕಲ್ಲು ಹರಡಿ. ಸ್ನಾನದ ಸೋಪಿನ ನೀರು ತಡೆದುಕೊಳ್ಳುತ್ತದೆ. ಫಿನಾಯಿಲ್, ಬ್ಲೀಚಿಂಗ್ ಪುಡಿಯ ನೀರು ಬಿಡಬೇಡಿ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟರೆ ಬೇರು ಹರಿಯುತ್ತದೆ. ಎಲೆಯ ತುದಿ ಕಂದಿದರೆ ನೀರು ಸಾಲದೆಂದೇ ತಿಳಿಯಿರಿ.

ಒಂದು ಗಿಡ ಸಿಕ್ಕರೆ ಸಾಕು, ಇನ್ನೊಂದಕ್ಕೆ ದುಡ್ಡು ಕೊಡಬೇಕಿಲ್ಲ. ದಂಟಿನ ತುದಿಯಲ್ಲಿ ಎಲೆಗಳು ಹರಡಿದ ಬಲಿತ ಛತ್ರಿಯನ್ನು ಎರಡು ಇಂಚು ದಂಟಿನ ಸಮೇತ ಕತ್ತರಿಸಿ, ಸುತ್ತಲಿನ ಎಲೆಗಳನ್ನು ಅರ್ಧಕ್ಕೆ ಮೊಟಕು ಮಾಡಿ, ತಲೆಕೆಳಗಾಗಿ ನೀರಿನ ಬೋಗುಣಿಯಲ್ಲಿ ತೇಲಿಬಿಡಿ. ನೆರಳಲ್ಲಿಟ್ಟು ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ಎಲೆಗಳು ಕೂಡುವ ನಡುಭಾಗದಿಂದ ಬಿಳಿ ಬೇರು ಇಳಿಯುತ್ತವೆ, ಎಳೆ ಚಿಗುರು ಮೇಲೇಳುತ್ತದೆ. ಆಗ ಅದೇ ಸ್ಥಿತಿಯಲ್ಲಿ ಕೆಸರಿಗೆ ಒತ್ತಿ ನೆಡಿ.

ಹಳದಿಯಾದ ದಂಟನ್ನು ನಡುವೆ ಕತ್ತರಿಸದೆ ಬುಡಕ್ಕೇ ಕೊಯ್ಯಿರಿ. ಮಳೆಗಾಲದ ಮೊದಲು ಇಡೀ ಪೊದೆಯನ್ನು ಕೊಯ್ದರೂ ಹೊಸ ದಂಟು ಬರುತ್ತವೆ. ಮೂರು ವರ್ಷಕ್ಕೊಮ್ಮೆ ಗಿಡ ಕಿತ್ತು, ಪಾಲು ಮಾಡಿ ನೆಡಿ.

ಕೊಳ್ಳುವಾಗ ಕುಂಡದ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿ. ಕಪ್ಪಗೆ, ಗಟ್ಟಿಯಾಗಿ, ಒಡೆದರೆ ಘಮ್ಮೆನ್ನುವ ಗಡ್ಡೆ ಸಿಕ್ಕರೆ ಅದು ಹೊಲದ ಜೇಕು. ಆ ಕುಂಡ ಬೇಡವೇ ಬೇಡ. ಕಿತ್ತ ಪೊದೆಯನ್ನಾಗಲಿ, ಕೊಯ್ದ ಛತ್ರಿಯನ್ನಾಗಲಿ ಬೆಣ್ಣಿಹಳ್ಳಕ್ಕೆ ಎಸೆಯಬೇಡಿ. ತೇಲಿಹೋದ ತುಂಡು ಬೇರು ಬಿಟ್ಟರೆ ಹಳ್ಳದ ದಡದಲ್ಲಿ ಅದೂ ಕಳೆಯಾಗುತ್ತದೆ. ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ತಿಪ್ಪೆಗೆ ಹಾಕಿ.