ಬೇಸಿಗೆಯ ಗುಡುಗು ಮಳೆ: ರಾಸುಗಳ ಬಗ್ಗೆ ಎಚ್ಚರವಿರಲಿ



ಏಪ್ರಿಲ್-ಮೇ ತಿಂಗಳಲ್ಲಿ ಬರುವ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ನಮ್ಮ ಭಾಗದಲ್ಲಿ ಹೆಚ್ಚಾಗಿ ಸುರಿಯುವುದು ಇಳಿಹೊತ್ತಿನಲ್ಲಿ. ಬಿಸಿಲಿಗೆ ನೆಲ ಕಾದು, ತೇವಭರಿತ ಬಿಸಿ ಗಾಳಿ ಮೇಲೇರಿ ಮಧ್ಯಾಹ್ನದ ನಂತರ ಎತ್ತರದ ಕಾರ್ಮೋಡವಾಗುವುದೇ ಇದಕ್ಕೆ ಕಾರಣ. ಇಂಥ ಒಂದು ಮೋಡದ ಹರವು ಕೆಲವೇ ಕಿ.ಮೀ. ಮುಂಗಾರಿನಂತೆ ಇದು ಸೀಮೆಯೆಲ್ಲ ಹಬ್ಬುವುದಿಲ್ಲ. ಹಾವೇರಿಯಲ್ಲಿ ಚರಂಡಿ ತುಂಬಿ ಹರಿದ ದಿನವೇ ಬ್ಯಾಡಗಿಯಲ್ಲಿ ನಾಲ್ಕು ಹನಿ ಬಿದ್ದು, ರಾಣೆಬೆನ್ನೂರಿನಲ್ಲಿ ಬರೀ ಧೂಳು ಏಳಬಹುದು. ಪಕ್ಕದ ಊರು ಒಣಗಿದೆಯೆಂದು ನೆಚ್ಚಿ ಕೂಡಬೇಡಿ.

ರಾಸುಗಳು ಮೇವಿನಿಂದ ಮರಳುವುದು, ಹಾಲು ಡೇರಿಗೆ ಹೋಗುವುದು ಇದೇ ಹೊತ್ತಿನಲ್ಲಿ. ಮರಕ್ಕೆ ಬಡಿದ ಸಿಡಿಲಿನ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ದನದ ಮುಂಗಾಲು-ಹಿಂಗಾಲುಗಳ ನಡುವೆ ಅಂತರ ಹೆಚ್ಚು. ಆದ್ದರಿಂದ ಅದು ಎದೆಯ ಮೂಲಕವೇ ಹಾಯುತ್ತದೆ. ಮರದಡಿ ಕಟ್ಟಿದ ರಾಸುಗಳು ಒಟ್ಟಿಗೆ ಸಾಯುವುದು ಹೀಗೆ.

ನೆನಪಿಡಿ:

1. ಮೋಡ ಕಟ್ಟುತ್ತಲೇ ರಾಸುಗಳನ್ನು ಕೊಟ್ಟಿಗೆಗೆ ತನ್ನಿ. ಮರದಡಿ, ತಂತಿಬೇಲಿಯ ಬಳಿ ಕಟ್ಟಬೇಡಿ.

2. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ನೀವೂ ಮನೆ ಸೇರಿ.

3. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆಯೇ ಹಾಲು ತೆಗೆದುಕೊಂಡು ಹೊರಡಿ.

ತಡವಾದರೆ ಒಂದು ಹೊತ್ತಿನ ಹಾಲು ಹೋದೀತು. ಹಸು ಹೋದರೆ ಮನೆಯ ದುಡಿಮೆಯೇ ನಿಂತೀತು.