ವ್ಯೋಮದಲ್ಲಿ ಉಬ್ಬಿದ ಉಡುಪು

1965ನೆಯ ಇಸವಿ ಮಾರ್ಚ್ 18ರಂದು ಸೋವಿಯತ್ ರಷ್ಯದ ಅಲೆಕ್ಸಿ ಲಿಯೊನಾವ್ ಎಂಬ ವ್ಯೋಮಯಾತ್ರಿಯು ಭೂಮಿಯನ್ನು ಸುತ್ತುತ್ತಿದ್ದ ವಾಸ್ಖೋದ್–2 ನೌಕೆಯಿಂದ ಹೊರಬಂದು, ಸುಮಾರು ಐದು ಮೀಟರು ಉದ್ದದ ಹಗ್ಗದ ತುದಿಯಲ್ಲಿ ತೇಲಿದನು. ಮಾನವನು ನೌಕೆಯ ಆಸರೆಯನ್ನು ಬಿಟ್ಟು ನಿರ್ವಾತಕ್ಕೆ ಇಳಿದುದು ಅದೇ ಮೊದಲು. ಹನ್ನೆರಡು ನಿಮಿಷಗಳ ಆ ವಿಹಾರವನ್ನು ಲೋಕವೆಲ್ಲ ಕೊಂಡಾಡಿತು. ಒಳಕ್ಕೆ ಮರಳುವಾಗ ಅವನಿಗೆ ಒದಗಿದ ಸಂಕಟದ ವಿವರ ಮಾತ್ರ ಬಹುಕಾಲ ಹೊರಬೀಳಲಿಲ್ಲ. ಅವನ ಪ್ರಾಣವನ್ನು ಕಾಯುತ್ತಿದ್ದ ಗಾಳಿಯೇ ಅವನ ದಾರಿಗೆ ಅಡ್ಡವಾಗಿತ್ತು. ಇದು ಹೇಗೆಂಬುದನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

ಸಮುದ್ರಮಟ್ಟದಲ್ಲಿ ನಮ್ಮ ಮೈಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ವಾಯುವು ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಒತ್ತಡವನ್ನು ಹೇರುತ್ತಿದೆ. ವ್ಯೋಮದಲ್ಲಿ ಈ ಒತ್ತಡವಿಲ್ಲ. ಒತ್ತಡವು ಪಾದರಸದ 47 ಮಿಲಿಮೀಟರಿಗೆ ಇಳಿದರೆ ನಮ್ಮ ಮೈಯ ಬಿಸಿಯಲ್ಲೇ ನೀರು ಕುದಿಯತೊಡಗುತ್ತದೆ. ಆದುದರಿಂದ ಯಾತ್ರಿಯು ತನ್ನ ವಾತಾವರಣವನ್ನು ತಾನೇ ತೊಟ್ಟು ಹೋಗಬೇಕು. ಲಿಯೊನಾವನ ಉಡುಪಿನೊಳಗಿದ್ದುದು ಶುದ್ಧ ಆಮ್ಲಜನಕ. ಅದರ ಒತ್ತಡ ವಾಯುಭಾರದ 0.4 ಪಾಲು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪಾಲು ಐದರಲ್ಲಿ ಒಂದು, ಎಂದರೆ 0.2 ಮಾತ್ರ. ಉಸಿರಾಟಕ್ಕೆ ಕೊರತೆಯೇನೂ ಇರಲಿಲ್ಲ.

ಇನ್ನು ಸೈಕಲ್ಲಿನ ಟ್ಯೂಬನ್ನು ನೆನೆಯೋಣ. ಗಾಳಿಯಿಲ್ಲದ ಟ್ಯೂಬನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಗಾಳಿ ಹೊಡೆದ ಮೇಲೆ ಮಡಿಸಲು ಹೋದವನ ಪಾಡು ಎಲ್ಲರಿಗೂ ಗೊತ್ತು. ರಬ್ಬರು ಅದೇ, ದಪ್ಪವೂ ಅದೇ. ಬಿರುಸು ಎಲ್ಲಿಂದ ಬಂದಿತು? ಮಡಿಸಿದ ಕಡೆ ಒಳಗಿನ ಗಾತ್ರ ಕುಗ್ಗುತ್ತದೆ. ಗಾತ್ರವನ್ನು ಕುಗ್ಗಿಸಬೇಕಾದರೆ ಗಾಳಿಯ ಒತ್ತಡಕ್ಕೆ ಎದುರಾಗಿ ಕೆಲಸ ಮಾಡಬೇಕು. ಒತ್ತಡವನ್ನು ಗಾತ್ರದ ವ್ಯತ್ಯಾಸದಿಂದ ಗುಣಿಸಿದರೆ ಕೆಲಸ ದೊರೆಯುತ್ತದೆಂಬ ಸೂತ್ರವನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದುಂಟು. ಅದನ್ನು ಒಮ್ಮೆ ತೋಳಿಗೆ ತೊಡಿಸಿ ನೋಡೋಣ.

ಮೊಣಕೈಯನ್ನು ಮಡಿಸಿದಾಗ ತೋಳಿನ ಒಳಗಾತ್ರ ಅರ್ಧ ಲೀಟರಿನಷ್ಟು ಕುಗ್ಗುವುದೆಂದು ಇಟ್ಟುಕೊಳ್ಳೋಣ. 0.4 ವಾಯುಭಾರವೆಂದರೆ ಚದರ ಮೀಟರಿಗೆ ಸುಮಾರು 40,000 ನ್ಯೂಟನ್. ಅರ್ಧ ಲೀಟರೆಂದರೆ ಘನ ಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಗುಣಲಬ್ಧ 20 ಜೌಲ್. ಎರಡು ಕಿಲೋಗ್ರಾಂ ಕಲ್ಲನ್ನು ಒಂದು ಮೀಟರು ಎತ್ತಿದಷ್ಟು ಕೆಲಸ! ಒಂದು ಸಲಕ್ಕಾದರೆ ಇದು ಹೆಚ್ಚೇನಲ್ಲ. ಆದರೆ ಮೊಣಕೈ, ಮೊಣಕಾಲು, ಸೊಂಟ, ಹತ್ತು ಬೆರಳುಗಳು ಎಲ್ಲಕ್ಕೂ ಈ ತೆರಿಗೆ ಉಂಟು; ಕೈಯನ್ನು ಸಡಿಲಬಿಟ್ಟೊಡನೆ ತೋಳು ತಾನಾಗಿ ನೆಟ್ಟಗಾಗುತ್ತದೆ, ಮತ್ತೆ ಮಡಿಸಬೇಕು.

ವಾಸ್ಖೋದಿನ ಒಳಗಿನ ವಿದ್ಯುದುಪಕರಣಗಳು ತಂಪಾಗಿರಲು ಗಾಳಿ ಬೇಕಾಗಿದ್ದುದರಿಂದ ನೌಕೆಯ ಗಾಳಿಯನ್ನು ಹೊರಬಿಡುವಂತಿರಲಿಲ್ಲ. ಅದಕ್ಕಾಗಿ ಬಾಗಿಲಿನ ಹೊರಗೆ, ಗಾಳಿ ತುಂಬಿ ಉಬ್ಬಿಸುವ ಬಟ್ಟೆಯ ನಡುಕೋಣೆಯೊಂದನ್ನು ಜೋಡಿಸಿದ್ದರು. ಲಿಯೊನಾವನು ಅದರೊಳಕ್ಕೆ ಕಾಲು ಮುಂದಾಗಿ ಸೇರಬೇಕೆಂಬುದು ಏರ್ಪಾಡು. ಅಷ್ಟರಲ್ಲಿ ಉಡುಪು ಉಬ್ಬಿ, ಬೆರಳುಗಳು ಕೈಗವಸಿನ ತುದಿಯಿಂದಲೂ ಪಾದಗಳು ಬೂಟಿನಿಂದಲೂ ಹಿಂದೆ ಸರಿದಿದ್ದವು. ಹಗ್ಗವನ್ನು ಸುತ್ತಿಕೊಳ್ಳಲು ಕೈ ಬಾರದು, ಕಿರಿದಾದ ಬಾಯೊಳಕ್ಕೆ ಮೈ ತೂರದು.

ಉಳಿದ ಉಪಾಯ ಒಂದೇ, ಉಡುಪಿನ ಗಾಳಿಯನ್ನು ಸ್ವಲ್ಪ ಹೊರಬಿಡುವುದು. ಸೊಗಸೇನೆಂದರೆ, ಇಲ್ಲಿ ಆಮ್ಲಜನಕದ ಚಿಂತೆಯಿಲ್ಲ, ಒತ್ತಡ 0.27ಕ್ಕೆ ಇಳಿದರೂ ನಮ್ಮ 0.2ಕ್ಕಿಂತ ಅದು ಹೆಚ್ಚೇ. ಅಪಾಯವಿದ್ದುದು ರಕ್ತದಲ್ಲಿ ಕರಗಿದ ಸಾರಜನಕದಲ್ಲಿ. ಗೋಲಿ ಸೋಡದ ಗೋಲಿಯನ್ನು ಒತ್ತಿದಾಗ ಏನಾಗುತ್ತದೆ? ಒತ್ತಡ ತಟ್ಟನೆ ಇಳಿದು, ಕರಗಿದ್ದ ಅನಿಲ ಗುಳ್ಳೆಗಳಾಗಿ ಹೊರಬರುತ್ತದೆ. ನೌಕೆಯೊಳಗೆ ನಮ್ಮ ಗಾಳಿಯಂಥದೇ ಗಾಳಿ ಇದ್ದುದರಿಂದ ಲಿಯೊನಾವನ ರಕ್ತದಲ್ಲಿಯೂ ಸಾರಜನಕ ಕರಗಿತ್ತು. ಅದು ಗುಳ್ಳೆಗಟ್ಟಿದರೆ ಕೀಲುಗಳಲ್ಲಿ ಅಸಹ್ಯ ವೇದನೆ. ಮೆದುಳಿಗೋ ಬೆನ್ನುಹುರಿಗೋ ತಾಗಿದರೆ ಮರಣವೂ ಉಂಟು. ಆದರೆ ಅವನು ಅದಾಗಲೇ ಸ್ವಲ್ಪ ಹೊತ್ತು ಶುದ್ಧ ಆಮ್ಲಜನಕವನ್ನು ಉಸಿರಾಡಿದ್ದನು. ಸಾರಜನಕದ ಬಹುಪಾಲು ಉಸಿರಿನೊಡನೆ ಹೊರಹೋಗಿರಬೇಕೆಂದು ಲೆಕ್ಕಹಾಕಿ, ಭೂಮಿಯವರಿಗೆ ತಿಳಿಸದೆಯೇ ಕವಾಟವನ್ನು ತಿರುಗಿಸಿದೆನೆಂದು ಮುಂದೆ ಅವನೇ ಹೇಳಿದನು. ಒತ್ತಡ 0.4ರಿಂದ ಸುಮಾರು 0.27ಕ್ಕೆ ಇಳಿಯಿತು. ನಮ್ಮ ಲೆಕ್ಕದ 20 ಜೌಲ್ ಈಗ ಹದಿಮೂರೂವರೆ. ಅವನು ತಲೆ ಮುಂದಾಗಿ ನುಗ್ಗಿ, ಆ ಇಕ್ಕಟ್ಟಿನಲ್ಲೇ ಮೈ ತಿರುಗಿಸಿ, ಬೆವರಿನಲ್ಲಿ ತೊಯ್ದು ಒಳಸೇರಿದನು. ಮರುದಿನ ಸ್ವಯಂಚಾಲಿತ ಇಳಿತದ ಯಂತ್ರ ಕೈಕೊಟ್ಟು, ಜೊತೆಗಾರ ಬೆಲ್ಯಾಯೆವನು ಕೈಯಿಂದಲೇ ನೌಕೆಯನ್ನು ನಡೆಸಿ ಉರಲ್ ಸೀಮೆಯ ಹಿಮದ ಕಾಡಿನಲ್ಲಿ ಇಳಿಸಿದ್ದು ಬೇರೆಯೇ ಕಥೆ.

ಅಮೆರಿಕನರಿಗೂ ಇದೇ ಪಾಠ ದೊರೆಯಿತು. 1966ರ ಜೂನಿನಲ್ಲಿ ಜೆಮಿನಿ–9ರಿಂದ ಹೊರಬಂದ ಸರ್ನನ್ ಎಂಬಾತನು ಬಿರುಸಾದ ಉಡುಪಿನೊಡನೆ ಸೆಣಸಿ ಬಳಲಿದನು. ಅವನ ಶಿರಸ್ತ್ರಾಣದ ಗಾಜು ಉಸಿರಿನ ಆವಿಯಿಂದ ಮಂಜುಗಟ್ಟಿ ಕಣ್ಣೇ ಕಾಣದಂತಾಯಿತು. ಅದೇ ವರ್ಷದ ನವೆಂಬರಿನಲ್ಲಿ ಆಲ್ಡ್ರಿನ್ ನೀರಿನೊಳಗೆ ಅಭ್ಯಾಸಮಾಡಿಕೊಂಡು, ಪಾದಗಳಿಗೆ ಊರೆಯನ್ನೂ ಕೈಗಳಿಗೆ ಹಿಡಿಗಳನ್ನೂ ಬಳಸಿ, ಹೆಚ್ಚು ಆಯಾಸವಿಲ್ಲದೆ ಕೆಲಸ ಮುಗಿಸಿದನು.

ಸೂತ್ರವೇ ಒಂದು ದಾರಿಯನ್ನು ತೋರಿಸಿದೆಯೆಂಬುದನ್ನು ಓದುಗರು ಗಮನಿಸಿರಬಹುದು. ಮಡಿಸಿದಾಗ ಗಾತ್ರ ಬದಲಾಗದಿದ್ದರೆ ಕೆಲಸವೂ ಸೊನ್ನೆ. ಕಮ್ಮಾರನ ತಿದಿಯಂತೆ ನೆರಿಗೆಯಿಟ್ಟ ಕೀಲಿನಲ್ಲಿ ಒಂದು ಕಡೆಯ ನೆರಿಗೆ ಮುಚ್ಚಿದಷ್ಟೇ ಇನ್ನೊಂದು ಕಡೆಯದು ತೆರೆಯುವಂತೆ ಮಾಡಬಹುದು. ಭುಜ, ಮೊಣಕೈ, ಮೊಣಕಾಲುಗಳಲ್ಲಿ ಈ ಬಗೆಯ ಉಪಾಯಗಳು ಬಹುಮಟ್ಟಿಗೆ ಫಲಿಸಿವೆ. ಬೆರಳುಗಳಲ್ಲಿ ಅಷ್ಟು ಜಾಗವಿಲ್ಲ. ಆದುದರಿಂದ ಇಂದಿಗೂ ಅಂತರರಾಷ್ಟ್ರೀಯ ವ್ಯೋಮ ನಿಲ್ದಾಣದಿಂದ ಹೊರಬಂದು ಆರೇಳು ಗಂಟೆ ದುಡಿಯುವವರು, ಮೊದಲು ಶುದ್ಧ ಆಮ್ಲಜನಕವನ್ನು ಉಸಿರಾಡಿ ಸಾರಜನಕವನ್ನು ಕಳೆದುಕೊಳ್ಳುತ್ತಾರೆ. ಮರಳುವಾಗ ಅವರ ಬೆರಳುಗಳು ಸೋತಿರುತ್ತವೆ, ಕೆಲವರ ಉಗುರುಗಳು ಕಿತ್ತುಬಂದುದೂ ಉಂಟು.