ಚಿಕ್ಕ ಡಬ್ಬಿಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಈ ವರ್ಷ ನಮ್ಮ ಬ್ಯಾಚಿನಲ್ಲಿ ಹೊಸದೊಂದು ಹುಚ್ಚು ಶುರುವಾಗಿದೆ: ಚಿಕ್ಕ ಗೇಮಿಂಗ್ ಪಿಸಿ. ಹಾಸ್ಟೆಲ್ ಟೇಬಲ್ ಎಷ್ಟು ಅಗಲ ಇರುತ್ತೆ ಅಂತ ನಿಮಗೇ ಗೊತ್ತು. ದೊಡ್ಡ ಟವರ್ ಇಟ್ರೆ ಪುಸ್ತಕ ಮಂಚದ ಮೇಲೆ, ನಾವು ನೆಲದ ಮೇಲೆ. ರಜೆಗೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗೋಕಾದ್ರೆ ಇನ್ನೂ ಒಳ್ಳೇದು. ಅದಕ್ಕೇ 17 ಸೆಂ.ಮೀ. ಚೌಕದ ಮಿನಿ-ಐಟಿಎಕ್ಸ್ ಬೋರ್ಡ್, ಅದರ ಸುತ್ತ 10ರಿಂದ 20 ಲೀಟರಿನ ಡಬ್ಬಿ. ಲೀಟರ್ ಅಂದ್ರೆ ಇಲ್ಲಿ ಡಬ್ಬಿಯ ಹೊರ ಅಳತೆಯ ಘನಗಾತ್ರ. ಮೆಸ್ಸಿನಲ್ಲಿರೋ 20 ಲೀಟರ್ ನೀರಿನ ಕ್ಯಾನ್ ನೆನಪು ಮಾಡ್ಕೊಳ್ಳಿ, ಅದಕ್ಕಿಂತ ಚಿಕ್ಕದರಲ್ಲಿ ಇಡೀ ಕಂಪ್ಯೂಟರ್ ಕೂರಬೇಕು.

ಇದರಲ್ಲಿ ಅತಿ ಹೆಚ್ಚು ದುಡ್ಡು ಹೋಗೋದು ಗ್ರಾಫಿಕ್ಸ್ ಕಾರ್ಡಿಗೆ. ನಮ್ಮ ವಿಂಗಿನ ಒಬ್ಬ ಗೆಳೆಯನ ಪಿಸಿಯನ್ನೇ ಈ ಲೇಖನಕ್ಕೆ ಉದಾಹರಣೆಯಾಗಿ ಇಟ್ಕೊಂಡಿದ್ದೀವಿ. ಅವನ ಹತ್ರ ರೈಜೆನ್ 5 5600ಜಿ ಪ್ರೊಸೆಸರ್, ಬಿ550 ಮಿನಿ-ಐಟಿಎಕ್ಸ್ ಬೋರ್ಡ್, 18 ಲೀಟರ್ ಡಬ್ಬಿ, 550 ವ್ಯಾಟ್‌ನ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ ಇದೆ. ಕಾರ್ಡ್ ಇಲ್ಲದೇ ಒಂದು ವರ್ಷ ಓಡಿಸಿದ. ಆ ವರ್ಷವೆಲ್ಲ ಪಿಯುಸಿ ಹುಡುಗರಿಗೆ ಮ್ಯಾಥ್ಸ್ ಟ್ಯೂಷನ್ ಹೇಳಿ ದುಡ್ಡು ಕೂಡಿಸಿದ. ಅಂದ್ರೆ ತಪ್ಪು ಕಾರ್ಡ್ ಬಂದ್ರೆ ಇನ್ನೊಂದು ವರ್ಷ ಟ್ಯೂಷನ್. ಹಾಗಾಗಿ ಕೂತು ಸರಿಯಾಗಿ ಲೆಕ್ಕ ಹಾಕೋಣ ಅಂತ ನಾವು ನಾಲ್ಕು ಜನ ಸೇರಿದ್ವಿ.

ಎಲ್ಲರೂ ಮೊದಲು ಕೇಳೋದು "ಯಾವ ಕಾರ್ಡ್ ಫಾಸ್ಟು?" ಅಂತ. ಚಿಕ್ಕ ಪಿಸಿಯಲ್ಲಿ ಆ ಪ್ರಶ್ನೆಯನ್ನು ಕೊನೆಗೆ ಇಡಬೇಕು ಅನ್ನೋದು ನಮ್ಮ ವಾದ. ಡಬ್ಬಿ ಏನು ಹಿಡಿಸುತ್ತೆ, ಬೋರ್ಡ್ ಏನು ಕೊಡುತ್ತೆ, ಆಟಕ್ಕೆ ಎಷ್ಟು ಮೆಮೊರಿ ಬೇಕು, ಇವು ಮೂರು ಗೊತ್ತಾದ್ರೆ ಪಟ್ಟಿಯಲ್ಲಿ ಉಳಿಯೋದೇ ಎರಡೋ ಮೂರೋ ಕಾರ್ಡ್.

ಮೊದಲು ಟೇಪ್ ಹಿಡೀರಿ

ಒಂದೇ ಚಿಪ್ ಇರುವ ಕಾರ್ಡುಗಳು ಹತ್ತಾರು ಸೈಜಿನಲ್ಲಿ ಬರ್ತವೆ. ಎರಡು ಫ್ಯಾನಿನ ಕಾರ್ಡ್ ಸಾಮಾನ್ಯವಾಗಿ 200ರಿಂದ 250 ಮಿ.ಮೀ. ಉದ್ದ, ಮೂರು ಫ್ಯಾನಿನದು 300 ಮಿ.ಮೀ. ಆಸುಪಾಸು. ಎನ್‌ವಿಡಿಯಾ, ಎಎಂಡಿ ಚಿಪ್ ಮಾಡ್ತವೆ ನಿಜ, ಆದ್ರೆ ನಾವು ಅಂಗಡಿಯಲ್ಲಿ ಕೊಳ್ಳೋ ಹೆಚ್ಚಿನ ಕಾರ್ಡುಗಳ ಉದ್ದ ದಪ್ಪ ನಿರ್ಧಾರ ಮಾಡೋದು ಬೇರೆ ಕಂಪನಿಗಳು. ಆದ್ದರಿಂದ "5060 ಹಿಡಿಸುತ್ತಾ?" ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಕಂಪನಿಯ ಯಾವ ಮಾಡೆಲ್ ಅಂತ ಹೇಳಬೇಕು.

ಉದ್ದವನ್ನು ಎಲ್ಲರೂ ನೋಡ್ತಾರೆ. ಮೋಸ ಆಗೋದು ದಪ್ಪ ಮತ್ತು ಎತ್ತರದಲ್ಲಿ. ಒಂದು ಸ್ಲಾಟ್ ಅಂದ್ರೆ 20 ಮಿ.ಮೀ. ಚಿಲ್ಲರೆ. ಪೆಟ್ಟಿಗೆ ಮೇಲೆ "2.5 ಸ್ಲಾಟ್" ಅಂತಿದ್ರೆ ಸುಮಾರು 50 ಮಿ.ಮೀ. ಬೇಕು, ಎರಡು ಸ್ಲಾಟಿನ ಡಬ್ಬಿಗೆ ಅದು ಹೋಗಲ್ಲ. ಎತ್ತರದ ಕಥೆ ಇನ್ನೂ ಸೂಕ್ಷ್ಮ. ಪವರ್ ಕೇಬಲ್ ಕಾರ್ಡಿನ ಮೇಲಂಚಿನಲ್ಲಿ ಚುಚ್ಚಿ ಬಾಗಬೇಕಲ್ವಾ, ಆ ಬಾಗುವ ಜಾಗವನ್ನು ಕಾರ್ಡಿನ ಎತ್ತರದಲ್ಲಿ ಯಾರೂ ಬರೆಯಲ್ಲ. ಪಕ್ಕದ ಪ್ಯಾನಲ್ ಹಾಕುವಾಗ ಅದು ಗೊತ್ತಾಗುತ್ತೆ. 2024ರಲ್ಲಿ ಎನ್‌ವಿಡಿಯಾ ಚಿಕ್ಕ ಡಬ್ಬಿಗಳಿಗೆ ಅಂತ ಒಂದು ಅಳತೆ ಪ್ರಕಟಿಸಿತು: ಉದ್ದ 304, ಎತ್ತರ 151, ದಪ್ಪ 50 ಮಿ.ಮೀ. ಒಳಗೆ. ಅದರಲ್ಲಿ ಎತ್ತರದ 151ಕ್ಕೆ ಕೇಬಲ್ ಬಾಗುವ ಜಾಗವನ್ನೂ ಸೇರಿಸಿದ್ದಾರೆ. ನೀವೂ ಹಾಗೇ ಅಳೀರಿ.

ಒಂದು ಸೆಕೆಂಡಿಗೆ 25 ಲೀಟರ್ ಗಾಳಿ

ಈಗ ಬಿಸಿ. ಥರ್ಮೋಡೈನಮಿಕ್ಸ್ ಪರೀಕ್ಷೆಗೆ ಓದಿದ್ದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತೆ. ಕಾರ್ಡ್ ಎಳೆಯೋ ವ್ಯಾಟ್ ಎಲ್ಲಾ ಕೊನೆಗೆ ಶಾಖವೇ ಆಗುತ್ತೆ. ಕಾರ್ಡ್ 160 ವ್ಯಾಟ್, ಪ್ರೊಸೆಸರ್ 90, ಉಳಿದದ್ದು ಒಂದು 50 ಅಂದ್ಕೊಳ್ಳಿ, ಒಟ್ಟು 300 ವ್ಯಾಟ್. ಒಳಗೆ ಬಂದ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಗೆ ಹೋಗಬೇಕು ಅಂತಿಟ್ಕೊಂಡ್ರೆ, 300 ಅನ್ನು 1005 ಮತ್ತು 10ರಿಂದ ಭಾಗಿಸಿ. ಸೆಕೆಂಡಿಗೆ 0.03 ಕೆ.ಜಿ. ಗಾಳಿ ಬೇಕು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ., ಅಂದ್ರೆ ಸೆಕೆಂಡಿಗೆ ಸುಮಾರು 25 ಲೀಟರ್. ನಮ್ಮ ಗೆಳೆಯನ ಡಬ್ಬಿ 18 ಲೀಟರ್. ಪ್ರತಿ ಸೆಕೆಂಡಿಗೂ ಡಬ್ಬಿಯ ಗಾಳಿ ಪೂರ್ತಿ ಬದಲಾಗಿ, ಇನ್ನೂ ಅರ್ಧಕ್ಕೆ ಹತ್ತಿರ ಬದಲಾಗಬೇಕು! ಅದೇ ಡಬ್ಬಿ 10 ಲೀಟರ್ ಆದ್ರೆ ಎರಡೂವರೆ ಸಲ.

ಈ ಲೆಕ್ಕ ಹಾಕಿದ ಮೇಲೆ ಗಾಜಿನ ಪ್ಯಾನಲ್ ಆಸೆ ನಮಗೆ ಹೋಯ್ತು. ಜಾಲರಿ ಇರೋ ಪ್ಯಾನಲ್ಲೇ ಸರಿ. ಇನ್ನೊಂದು ವಿಷ್ಯ ಏನಂದ್ರೆ, ಚಿಪ್ಪಿನ ತಾಪಮಾನ ಅನ್ನೋದು ಕೋಣೆಯ ತಾಪಮಾನದ ಮೇಲೆ ಕೂರುತ್ತೆ. ರಿವ್ಯೂ ಮಾಡೋರು ಎಸಿ ರೂಮಿನಲ್ಲಿ 22 ಡಿಗ್ರಿಗೆ ಟೆಸ್ಟ್ ಮಾಡಿ 68 ಬಂತು ಅಂತಾರೆ ಅಂದ್ಕೊಳ್ಳಿ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ 40 ಡಿಗ್ರಿ ರೂಮಿನಲ್ಲಿ ಅದೇ ಕಾರ್ಡ್ 86ರ ಹತ್ರ ಹೋಗುತ್ತೆ, ಅಥವಾ ಫ್ಯಾನ್ ಕಿರುಚುತ್ತೆ. ಮೈಸೂರಿನವರಿಗೆ ಇಷ್ಟು ಕಷ್ಟ ಇಲ್ಲ ಬಿಡಿ.

ಈ ಕಾರಣಕ್ಕೇ 18 ಲೀಟರ್ ಡಬ್ಬಿಗೆ 200 ವ್ಯಾಟ್ ಒಳಗಿನ ಕಾರ್ಡ್ ಅಂತ ನಾವು ಗೆರೆ ಹಾಕಿದ್ವಿ. ಇದು ನಮ್ಮ ಗೆರೆ, ಯಾವ ಪುಸ್ತಕದ್ದೂ ಅಲ್ಲ. ಇದರಲ್ಲಿ ವೈರಿಂಗೂ ಸುಲಭ. ಸ್ಲಾಟ್ ಕೊಡೋದು 75 ವ್ಯಾಟ್, ಒಂದು 8-ಪಿನ್ ಕೇಬಲ್ ಕೊಡೋದು 150, ಒಟ್ಟು 225. ಒಂದೇ ಕೇಬಲ್ಲಿನಲ್ಲಿ ಕೆಲಸ ಮುಗಿಯುತ್ತೆ. ಚಿಕ್ಕ ಡಬ್ಬಿಯಲ್ಲಿ ಎರಡನೇ ಕೇಬಲ್ ಮಡಚಿ ಇಡೋ ಜಾಗ ಹುಡುಕಿದವರಿಗೇ ಅದರ ಬೆಲೆ ಗೊತ್ತು.

8 ಜಿಬಿ ಮತ್ತು 8 ಲೇನ್

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ದುಡ್ಡು ಹಾಳಾಗೋದು ಇಲ್ಲೇ.

ಆಟದ ಟೆಕ್ಸ್ಚರ್‌ಗಳೆಲ್ಲ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಇರಬೇಕು. ಅಲ್ಲಿ ಜಾಗ ಮುಗಿದ್ರೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗುತ್ತೆ, ಬೇಕಾದಾಗ ಪಿಸಿಐಇ ಸ್ಲಾಟಿನ ಮೂಲಕ ವಾಪಸ್ ಬರಬೇಕು. ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡಿನ ಸ್ವಂತ ಮೆಮೊರಿ ವೇಗ ಸೆಕೆಂಡಿಗೆ ಸುಮಾರು 320 ಜಿಬಿ. ಪಿಸಿಐಇ 4.0ರಲ್ಲಿ 8 ಲೇನ್ ಇದ್ರೆ ಸುಮಾರು 16 ಜಿಬಿ. ಪಿಸಿಐಇ 3.0ರಲ್ಲಿ 8 ಲೇನ್ ಆದ್ರೆ ಬರೀ 8 ಜಿಬಿ.

60 ಫ್ರೇಮ್ ಬೇಕು ಅಂದ್ರೆ ಒಂದು ಫ್ರೇಮಿಗೆ ಇರೋ ಟೈಮ್ 16.7 ಮಿಲಿಸೆಕೆಂಡ್. ಒಂದು ಫ್ರೇಮಿಗಾಗಿ ಅರ್ಧ ಜಿಬಿ ಡೇಟಾ ಬೇಕಾಯ್ತು ಅಂತಿಟ್ಕೊಳ್ಳಿ. ಸ್ವಂತ ಮೆಮೊರಿಯಿಂದ ಓದಿದ್ರೆ 1.6 ಮಿಲಿಸೆಕೆಂಡ್. 16 ಜಿಬಿ ದಾರಿಯಲ್ಲಿ ಬಂದ್ರೆ 31. 8 ಜಿಬಿ ದಾರಿಯಲ್ಲಿ 62. ಆಟದಲ್ಲಿ ತಿರುಗಿದ ಕೂಡಲೇ ಒಂದು ಜರ್ಕ್ ಹೊಡೆಯುತ್ತಲ್ಲ, ಅದು ಇದೇ. ಸರಾಸರಿ ಫ್ರೇಮ್ ರೇಟ್ ನೋಡಿದ್ರೆ ಇದು ಕಾಣಲ್ಲ, ಸರಾಸರಿ 70 ಅಂತಲೇ ತೋರಿಸುತ್ತೆ. ಅದಕ್ಕೆ ರಿವ್ಯೂನಲ್ಲಿ "1 ಪರ್ಸೆಂಟ್ ಲೋ" ಅನ್ನೋ ಸಾಲನ್ನೇ ನೋಡಬೇಕು.

ಈಗ ಲೇನ್ ವಿಷ್ಯ. ಆರ್‌ಟಿಎಕ್ಸ್ 4060, 5060, 5060 ಟಿಐ, ಇಂಟೆಲ್ ಆರ್ಕ್ ಬಿ580, ಇವೆಲ್ಲ ನೋಡೋಕೆ ಉದ್ದದ ಸ್ಲಾಟಿಗೇ ಕೂತರೂ ಒಳಗೆ ಬಳಸೋದು 8 ಲೇನ್ ಮಾತ್ರ. 9060 ಎಕ್ಸ್‌ಟಿ ಪೂರ್ತಿ 16 ಬಳಸುತ್ತೆ. ಹೊಸ ಬೋರ್ಡಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದ್ರೆ ನಮ್ಮಲ್ಲಿ ತುಂಬಾ ಜನರ ಹತ್ರ ಇರೋದು 5600ಜಿ, ಯಾಕಂದ್ರೆ ಕಾರ್ಡ್ ಇಲ್ಲದೇ ಓಡುತ್ತೆ ಅಂತಲೇ ಅದನ್ನು ತಗೊಂಡಿದ್ವಿ. ಬಿ550 ಬೋರ್ಡಿನಲ್ಲಿ 4.0 ಅಂತ ಬರೆದಿದ್ರೂ 5600ಜಿ ಕೊಡೋದು ಪಿಸಿಐಇ 3.0 ಮಾತ್ರ. ಪೆಟ್ಟಿಗೆ ಮೇಲೆ ಈ ವಿಷ್ಯ ದೊಡ್ಡದಾಗಿ ಬರೆದಿರಲ್ಲ. ಹಾಗಾಗಿ 5600ಜಿ ಮೇಲೆ 8 ಜಿಬಿ, 8 ಲೇನಿನ ಕಾರ್ಡ್ ಹಾಕಿದ್ರೆ ಎರಡೂ ಕಡೆಯಿಂದ ಹೊಡೆತ: ಮೆಮೊರಿ ಬೇಗ ತುಂಬುತ್ತೆ, ತುಂಬಿದ ಮೇಲೆ ದಾರಿಯೂ ಕಿರಿದು. 16 ಜಿಬಿ ಕಾರ್ಡ್ ಆದ್ರೆ ಮೆಮೊರಿ ತುಂಬೋದೇ ಅಪರೂಪ, ಆಗ ಲೇನ್ ಕಡಿಮೆ ಇದ್ರೂ ನಷ್ಟ ಚಿಕ್ಕದು.

ಪಟ್ಟಿಯಲ್ಲಿ ಉಳಿದವು

2025ರಲ್ಲಿ ಬಂದ ಕಾರ್ಡುಗಳಲ್ಲಿ ನಮ್ಮ ಗೆರೆಯೊಳಗೆ ಬಿದ್ದವು ಇವು. ಆರ್‌ಟಿಎಕ್ಸ್ 5060, 145 ವ್ಯಾಟ್, 8 ಜಿಬಿ. ಆರ್‌ಟಿಎಕ್ಸ್ 5060 ಟಿಐ, 180 ವ್ಯಾಟ್, 8 ಅಥವಾ 16 ಜಿಬಿ. ಆರ್‌ಎಕ್ಸ್ 9060 ಎಕ್ಸ್‌ಟಿ, ಇದರಲ್ಲೂ 8 ಮತ್ತು 16 ಜಿಬಿ ಇವೆ, 16ರದ್ದು 160 ವ್ಯಾಟ್ (ಓವರ್‌ಕ್ಲಾಕ್ ಮಾಡಿದ ಮಾಡೆಲ್‌ಗಳು ಇನ್ನೂ ಸ್ವಲ್ಪ ಎಳೀತವೆ). ಜೊತೆಗೆ 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580, 190 ವ್ಯಾಟ್, 12 ಜಿಬಿ.

ಬಿ580 ಬಿಡುಗಡೆಯಾದಾಗ 249 ಡಾಲರ್, ಮೆಮೊರಿ ಲೆಕ್ಕದಲ್ಲಿ ಒಳ್ಳೇ ಡೀಲ್. ಆದ್ರೆ ಅದಕ್ಕೆ ರೀಸೈಜಬಲ್ ಬಾರ್ ಬೇಕೇ ಬೇಕು, ಮತ್ತು ಹಳೇ ಪ್ರೊಸೆಸರ್ ಜೊತೆ ಅದರ ಡ್ರೈವರ್ ಭಾರ ಜಾಸ್ತಿಯಾಗಿ ಫ್ರೇಮ್ ಬೀಳುತ್ತೆ. ಹೊಸ ಪ್ರೊಸೆಸರ್ ಇರೋರು ಖಂಡಿತ ನೋಡಿ. 5600ಜಿ ಇರೋರಿಗೆ ನಾವು ಹೇಳಲ್ಲ.

5060 ಟಿಐ ಮತ್ತು 9060 ಎಕ್ಸ್‌ಟಿ ಎರಡರಲ್ಲೂ ಒಂದೇ ಹೆಸರಿನಲ್ಲಿ ಎರಡು ಮೆಮೊರಿ ಸೈಜ್ ಮಾರೋದು ನಮಗೆ ಸರಿ ಅನ್ನಿಸಲಿಲ್ಲ. ಕೊಳ್ಳೋರಿಗೆ ಗೊಂದಲ ಅಷ್ಟೇ. 8 ಜಿಬಿಯದನ್ನು ನಾವು ಪಟ್ಟಿಯಿಂದ ತೆಗೆದ್ವಿ. ಒಂದೇ ಒಂದು ವಿನಾಯಿತಿ: ನಿಮ್ಮ ಡಬ್ಬಿ 5–6 ಲೀಟರಿನದಾಗಿದ್ದು ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡೇ ಬೇಕು ಅಂದ್ರೆ, 4060 ಅಥವಾ 5060ರ ಲೋ ಪ್ರೊಫೈಲ್ ಮಾಡೆಲ್‌ಗಳು ಸಿಗ್ತವೆ. 1080ಪಿ ಮಾನಿಟರಿಗೆ, ಟೆಕ್ಸ್ಚರ್ ಒಂದು ಹಂತ ಇಳಿಸಿ ಆಡೋರಿಗೆ ಸಾಕು.

ಮಾನಿಟರ್ ಅಂದಾಗ ಇನ್ನೊಂದು ಮಾತು. 1440ಪಿಯಲ್ಲಿ 1080ಪಿಗಿಂತ 1.78 ಪಟ್ಟು ಪಿಕ್ಸೆಲ್ ಇವೆ. ಮುಂದಿನ ವರ್ಷ 1440ಪಿ ಮಾನಿಟರ್ ತಗೋತೀನಿ ಅನ್ನೋರು ಈಗಲೇ ಆ ಲೆಕ್ಕದಲ್ಲಿ ಕಾರ್ಡ್ ಆರಿಸಿ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಸಹಾಯ ಮಾಡ್ತವೆ, ನಾವೂ ಬಳಸ್ತೀವಿ. ಫ್ರೇಮ್ ಜನರೇಷನ್ ಮಾತ್ರ ಬೇರೆ ಲೆಕ್ಕ. 30 ಇದ್ದದ್ದು 90 ಅಂತ ಕಂಡರೂ ಮೌಸಿಗೆ ಕೈಗೆ ಸಿಗೋದು 30ರ ನಿಧಾನವೇ.

ನಮ್ಮ ಗೆಳೆಯನಿಗೆ ಕೊನೆಗೆ ಉಳಿದದ್ದು ಎರಡೇ, ಎರಡೂ 16 ಜಿಬಿ. ಇಲ್ಲಿ ನಮ್ಮೊಳಗೇ ಜಗಳ ಆಯ್ತು. ಅವನ ಮಿನಿ ಪ್ರಾಜೆಕ್ಟ್ ಇಮೇಜ್ ಡಿಟೆಕ್ಷನ್ ಮೇಲೆ. ಸೀನಿಯರ್‌ಗಳ ಕೋಡ್ ಎಲ್ಲಾ ಕೂಡಾ ಇದೆ ಅಂತ ನಂಬಿಕೊಂಡೇ ಬರೆದದ್ದು (ಇದು 'ಕೂಡ' ಅಲ್ಲ, ಎನ್‌ವಿಡಿಯಾದ ಕೂಡಾ!), ಅದು ಓಡೋದು ಎನ್‌ವಿಡಿಯಾ ಕಾರ್ಡಿನಲ್ಲಿ ಮಾತ್ರ. ಎಎಂಡಿಗೆ ರಾಕ್‌ಎಮ್ ಇದೆ, ಆದ್ರೆ ಸಬ್ಮಿಷನ್ ಹಿಂದಿನ ರಾತ್ರಿ ಇನ್‌ಸ್ಟಾಲ್ ಜೊತೆ ಗುದ್ದಾಡೋಕೆ ಯಾರಿಗೆ ತಾಳ್ಮೆ ಇದೆ? ಬಿಡುಗಡೆಯ ಬೆಲೆಯಲ್ಲಿ 5060 ಟಿಐ 429 ಡಾಲರ್, 9060 ಎಕ್ಸ್‌ಟಿ 349. ಆ 80 ಡಾಲರ್ ವ್ಯತ್ಯಾಸ ನಮ್ಮ ತೆರಿಗೆ ಎಲ್ಲ ಸೇರಿ ಇನ್ನೂ ಹಿಗ್ಗುತ್ತೆ. ನಾವು ಅವನನ್ನು ಕೇಳಿದ್ದು ಒಂದೇ: ವಾರಕ್ಕೆ ಎಷ್ಟು ಗಂಟೆ ಟ್ರೈನಿಂಗ್ ಓಡಿಸ್ತೀಯ? ಎರಡು ಅಂದ. ಎರಡು ಗಂಟೆಗೆ ಕಾಲೇಜ್ ಲ್ಯಾಬ್ ಇದೆ, ಗೂಗಲ್ ಕೋಲ್ಯಾಬ್ ಇದೆ. 9060 ಎಕ್ಸ್‌ಟಿ 16 ಜಿಬಿ, ಎರಡು ಫ್ಯಾನಿನ ಮಾಡೆಲ್, ಅಂತ ತೀರ್ಮಾನ ಆಯ್ತು. ದಿನಾ ರಾತ್ರಿ ಟ್ರೈನಿಂಗ್ ಹಚ್ಚಿ ಮಲಗೋರಾಗಿದ್ರೆ, ಅಥವಾ ಬ್ಲೆಂಡರ್‌ನಲ್ಲಿ ರೆಂಡರ್ ಮಾಡೋರಾಗಿದ್ರೆ, ನಮ್ಮ ಉತ್ತರ 5060 ಟಿಐ 16 ಜಿಬಿ ಆಗಿರ್ತಿತ್ತು.

ಅಂಗಡಿಯಲ್ಲಿ, ಆಮೇಲೆ ರೂಮಿನಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗೋರು ಫೋನಿನಲ್ಲಿ ಮಾಡೆಲ್ ನಂಬರ್ ಪೂರ್ತಿ ಬರ್ಕೊಂಡು ಹೋಗಿ. "ಅದು ಸ್ಟಾಕ್ ಇಲ್ಲ ಸರ್, ಇದೂ ಅದೇ ಚಿಪ್ಪು" ಅಂದ್ರೆ ಅಲ್ಲೇ ನಿಂತು ಹೊಸ ಮಾಡೆಲಿನ ಮೂರೂ ಅಳತೆ ನೋಡಿ. ಬಿಲ್ಲಿನಲ್ಲಿ 16 ಜಿಬಿ ಅಂತ, ಸೀರಿಯಲ್ ನಂಬರ್ ಸಮೇತ ಬರೆಸ್ಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೇ ಕಮ್ಮಿಗೆ ಕೊಡ್ತೀನಿ ಅನ್ನೋರ ಹತ್ರ ತಗೊಂಡ್ರೆ ವಾರಂಟಿ ಕೇಳೋವಾಗ ತೋರಿಸೋಕೆ ಏನೂ ಇರಲ್ಲ.

ಕಾರ್ಡ್ ಹಾಕಿದ ಮೇಲೆ, ನಿಮ್ಮ ಡಬ್ಬಿಯಲ್ಲಿ ಕಾರ್ಡ್ ರೈಸರ್ ಕೇಬಲ್ ಮೂಲಕ ಕೂರೋದಾದ್ರೆ, ಆ ಕೇಬಲ್ ಯಾವ ಪಿಸಿಐಇ ತಲೆಮಾರಿನದು ಅಂತ ನೋಡಿ ಬಯೋಸ್‌ನಲ್ಲಿ ಸ್ಲಾಟನ್ನು ಅದಕ್ಕೇ ಸೆಟ್ ಮಾಡಿ. 3.0 ಕೇಬಲ್ಲಿನಲ್ಲಿ 4.0 ಓಡಿಸಿದ್ರೆ ಸ್ಕ್ರೀನ್ ಕಪ್ಪಾಗುತ್ತೆ, ಜನ ಕಾರ್ಡ್ ಕೆಟ್ಟಿದೆ ಅಂದ್ಕೊಂಡು ವಾಪಸ್ ಒಯ್ತಾರೆ. ರೀಸೈಜಬಲ್ ಬಾರ್ ಆನ್ ಮಾಡೋದೂ ಅದೇ ಬಯೋಸ್‌ನಲ್ಲಿ.

ಕೊನೆಯ ಕೆಲಸ ಅಂಡರ್‌ವೋಲ್ಟ್. ಎಎಂಡಿ ಆದ್ರೆ ಅಡ್ರಿನಲಿನ್ ಸಾಫ್ಟ್‌ವೇರ್, ಎನ್‌ವಿಡಿಯಾ ಆದ್ರೆ ಆಫ್ಟರ್‌ಬರ್ನರ್. ವೋಲ್ಟೇಜನ್ನು ಒಂದೊಂದೇ ಹೆಜ್ಜೆ ಇಳಿಸ್ತಾ ಪ್ರತಿ ಸಲ ಅರ್ಧ ಗಂಟೆ ಭಾರದ ಆಟ ಆಡಿ ನೋಡಿ. ಕ್ರ್ಯಾಶ್ ಆದ್ರೆ ಒಂದು ಹೆಜ್ಜೆ ಹಿಂದೆ ಬಂದು ಅಲ್ಲೇ ಬಿಡಿ. ಪವರ್ ಲಿಮಿಟನ್ನೂ ಸ್ವಲ್ಪ ಇಳಿಸಬಹುದು, ವ್ಯಾಟ್ ಇಳಿದಷ್ಟು ಫ್ರೇಮ್ ಇಳಿಯಲ್ಲ. ಇದನ್ನು ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿ ಮುಚ್ಚಿ ಮಾಡಿ. ಆ ಹೊತ್ತಿಗೆ ತಡೆದುಕೊಂಡ ಸೆಟ್ಟಿಂಗ್ ರಾತ್ರಿಯೂ ತಡೆದುಕೊಳ್ಳುತ್ತೆ.